ಚಾಟ್ ಆಫ್ ಮಾಡಿದ ಆ ಒಂದು ವಾರ

ಲೀಗ್ ಆಫ್ ಲೆಜೆಂಡ್ಸ್ ಅನ್ನೋ ಆನ್‌ಲೈನ್ ಆಟ. ಐದು ಜನ ಈ ಕಡೆ, ಐದು ಜನ ಆ ಕಡೆ. ಸೋಲೋಕೆ ಶುರುವಾದ್ರೆ ಸಾಕು, ಚಾಟಲ್ಲಿ ಬೈಗುಳದ ಸುರಿಮಳೆ!

2011ರಲ್ಲಿ ಈ ಆಟದ ಕಂಪನಿ ರಾಯಟ್ ಗೇಮ್ಸ್ ಆಟಗಾರರನ್ನೇ ಪಂಚಾಯ್ತಿಗೆ ಕೂರಿಸಿತು. ಚಾಟ್ ಓದಿ, ಶಿಕ್ಷೆಯೋ ಕ್ಷಮೆಯೋ, ವೋಟ್ ಹಾಕಿ ಅಂತ. ಆದ್ರೆ ತೀರ್ಪು ಬರೋ ಹೊತ್ತಿಗೆ ಬೈಸಿಕೊಂಡವನ ಆಟ ಯಾವಾಗಲೋ ಮುಗಿದಿರುತ್ತಿತ್ತು.

ನನಗೆ ಹಿಡಿಸಿದ್ದು ಇನ್ನೊಂದು ಉಪಾಯ. ಎದುರಾಳಿ ತಂಡದ ಜೊತೆಗಿನ ಚಾಟನ್ನ ಮೊದಲೇ ಆಫ್ ಮಾಡಿಟ್ಟರು. ಬೇಕಾದವರು ಸೆಟ್ಟಿಂಗ್ಸಲ್ಲಿ ಆನ್ ಮಾಡ್ಕೋಬಹುದಿತ್ತು. ಅಷ್ಟೇ! ಒಂದು ವಾರದಲ್ಲಿ ಕೆಟ್ಟ ಮಾತು ಶೇ. 30ಕ್ಕೂ ಹೆಚ್ಚು ಇಳಿಯಿತು ಅಂತ ಕಂಪನಿಯೇ ಹೇಳಿತು. ಒಳ್ಳೆ ಮಾತು ಏರಿತಂತೆ.

ಇಷ್ಟೆಲ್ಲ ಯಾಕೆ, ಕೆಟ್ಟ ಪದ ಹಿಡಿಯೋ ಫಿಲ್ಟರ್ ಸಾಲದಾ ಅಂತೀರಾ? ಕನ್ನಡದ ಬೈಗುಳವನ್ನ ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಸೊನ್ನೆ ತೂರಿಸಿ ಬರೆದ್ರೆ, ಪಾಪ, ಅದಕ್ಕೇನು ಗೊತ್ತಾಗ್ಬೇಕು!