ಜೆರಾಕ್ಸ್ ಯಂತ್ರದೊಳಗೊಂದು ಗುಣಾಕಾರ

ಬೆಂಗಳೂರಿನ ಕಲಾಸಿಪಾಳ್ಯದಂಥ ಜಾಗದಲ್ಲಿ, ಲಾರಿ ಬುಕಿಂಗ್ ಆಫೀಸುಗಳ ನಡುವೆ, ಜೆರಾಕ್ಸ್ ಅಂಗಡಿಗೆ ಬಿಡುವೆಂಬುದಿಲ್ಲ. ಆರ್‌ಸಿ, ಪರ್ಮಿಟ್, ಇನ್ಶೂರೆನ್ಸ್, ಡಿಎಲ್ – ಯಾವುದಕ್ಕೂ ಎರಡೆರಡು ಕಾಪಿ ಬೇಕು. ಗಾಜಿನಡಿ ಬೆಳಕು ಒಮ್ಮೆ ಸರಿದುಹೋಗುತ್ತದೆ, ಬಿಸಿಬಿಸಿ ಹಾಳೆ ಹೊರಬೀಳುತ್ತದೆ. ಅಷ್ಟರಲ್ಲಿ ಯಂತ್ರದೊಳಗೆ ನಡೆದುಹೋಗಿರುವುದು ದ್ವಿತೀಯ ಪಿಯುಸಿ ಭೌತವಿಜ್ಞಾನದ ಮೊದಲ ಪಾಠ: ಬಲ ಎಂದರೆ ಚಾರ್ಜ್ ಗುಣಿಸು ವಿದ್ಯುತ್ ಕ್ಷೇತ್ರ.

ಯಂತ್ರದ ಎದೆಯಲ್ಲೊಂದು ಡ್ರಮ್ಮು. ಕತ್ತಲಲ್ಲಿ ಚಾರ್ಜನ್ನು ಹಿಡಿದಿಟ್ಟುಕೊಂಡು, ಬೆಳಕು ಬಿದ್ದೊಡನೆ ಬಿಟ್ಟುಕೊಡುವ ಲೇಪನ ಅದರ ಮೈಮೇಲಿದೆ. ಮೂಲ ಕಾಗದದ ಬಿಳಿ ಭಾಗದಿಂದ ಬೆಳಕು ಪ್ರತಿಫಲಿಸಿ ಬಂದಲ್ಲಿ ಚಾರ್ಜ್ ಇಳಿದುಹೋಗುತ್ತದೆ. ಅಕ್ಷರಗಳಿದ್ದಲ್ಲಿ ಮಾತ್ರ ಉಳಿಯುತ್ತದೆ. (ಲೇಸರ್ ಬಳಸುವ ಈಗಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಇದು ತಲೆಕೆಳಗು, ತತ್ತ್ವ ಒಂದೇ.) ಪಕ್ಕದ ಉರುಳೆಯ ಮೇಲೆ ಸಣ್ಣ ಕಬ್ಬಿಣದ ಗುಂಡುಗಳು, ಅವಕ್ಕೆ ಚುರುಮುರಿಗೆ ಖಾರದ ಪುಡಿ ಮೆತ್ತಿದ ಹಾಗೆ ಮೆತ್ತಿಕೊಂಡ ಟೋನರ್ ಎಂಬ ಕಪ್ಪು ಪುಡಿ. ಗುಂಡಿಗೂ ಪುಡಿಗೂ ಆಗುವ ಉಜ್ಜಾಟದಿಂದಲೇ ಪುಡಿಗೆ ಚಾರ್ಜ್ ಬರುತ್ತದೆ.

ಈಗ ಲೆಕ್ಕ. ಟೋನರಿನ ಒಂದು ಕಣದ ಅಡ್ಡಳತೆ ಸುಮಾರು 10 ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರನೇ ಒಂದು ಪಾಲು. ಒಂದು ಕೂಲಂಬನ್ನು ಕೋಟಿ ಪಾಲು ಮಾಡಿ, ಅದರಲ್ಲೊಂದನ್ನು ಮತ್ತೆ ಕೋಟಿ ಪಾಲು ಮಾಡಿದರೆ ಎಷ್ಟೋ, ಕಣದ ಚಾರ್ಜ್ ಹೆಚ್ಚುಕಡಿಮೆ ಅಷ್ಟು. ಎಲೆಕ್ಟ್ರಾನ್ ಲೆಕ್ಕದಲ್ಲಿ ಅರವತ್ತು ಸಾವಿರದಷ್ಟು. ಉರುಳೆಗೂ ಡ್ರಮ್ಮಿನಲ್ಲಿ ಚಾರ್ಜ್ ಉಳಿದ ಜಾಗಕ್ಕೂ ನಡುವೆ 300 ವೋಲ್ಟ್, ಅಂತರ 0.3 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಭಾಗಿಸಿದರೆ ಕ್ಷೇತ್ರ ಮೀಟರಿಗೆ 10 ಲಕ್ಷ ವೋಲ್ಟ್. ಚಾರ್ಜನ್ನೂ ಕ್ಷೇತ್ರವನ್ನೂ ಗುಣಿಸಿದರೆ ಬಲ ಒಂದು ನ್ಯೂಟನ್ನಿನ ಹತ್ತು ಕೋಟಿಯಲ್ಲಿ ಒಂದು ಪಾಲು.

ಇದು ಯಾವ ಮೂಲೆಗೆ ಎಂದುಕೊಳ್ಳಬೇಡಿ. ಆ ಕಣದ ತೂಕದೊಂದಿಗೆ ಹೋಲಿಸಿದರೆ ಇದು ಒಂದೂವರೆ ಸಾವಿರ ಪಟ್ಟಿಗಿಂತ ಹೆಚ್ಚು! ಭೂಮಿಯ ಸೆಳೆತ ಇಲ್ಲಿ ಲೆಕ್ಕಕ್ಕೇ ಇಲ್ಲ. ಪುಡಿ ಕೆಳಗಿನಿಂದ ಮೇಲಕ್ಕೂ ಸಲೀಸಾಗಿ ಹಾರುತ್ತದೆ. ಅದನ್ನು ತಡೆಯುವುದು ತೂಕವಲ್ಲ, ಕಬ್ಬಿಣದ ಗುಂಡಿನ ಅಂಟು. ಆ ಅಂಟನ್ನು ಮೀರಿಸುವಷ್ಟು ಬಲ ಸಿಕ್ಕಲ್ಲಿ ಮಾತ್ರ ಅಕ್ಷರ ಮೂಡುತ್ತದೆ. ಚಾರ್ಜಿನ ಚಿಹ್ನೆ ಅದಲುಬದಲಾದ ಕಣಗಳ ಮೇಲೆ ಬಲವೂ ತಿರುಗುಮುರುಗು. ಬಿಳಿ ಜಾಗದಲ್ಲಿ ಹರಡುವ ಕಪ್ಪು ಧೂಳಿನಲ್ಲಿ ಇಂಥವುಗಳ ಪಾಲು ದೊಡ್ಡದು.

ಹಾಗಾದರೆ ವೋಲ್ಟೇಜನ್ನು ಮನಸ್ಸಿಗೆ ಬಂದಷ್ಟು ಏರಿಸಬಹುದಲ್ಲ ಎಂದರೆ, ಅದಕ್ಕೆ ಗಾಳಿ ಒಪ್ಪುವುದಿಲ್ಲ. ಮೀಟರಿಗೆ 30 ಲಕ್ಷ ವೋಲ್ಟಿನ ಆಸುಪಾಸಿನಲ್ಲಿ ಗಾಳಿಯೇ ಒಡೆದು ಕಿಡಿ ಹಾರುತ್ತದೆ. ಹಳೆಯ ಯಂತ್ರಗಳಲ್ಲಿ ಡ್ರಮ್ಮಿಗೆ ಚಾರ್ಜ್ ತುಂಬಲು ಈ ಮಿತಿಯನ್ನು ಬೇಕೆಂದೇ ದಾಟುತ್ತಾರೆ. ಕೂದಲೆಳೆಯಂಥ ತಂತಿಗೆ ಹಲವು ಸಾವಿರ ವೋಲ್ಟ್ ಕೊಟ್ಟು ಅದರ ಸುತ್ತಲ ಗಾಳಿಯನ್ನು ಅಯಾನಾಗಿಸುತ್ತಾರೆ. ಆಗ ಬರುವ ಘಾಟು ವಾಸನೆ ಓಜೋನಿನದು.

ಇದೆಲ್ಲ ಶುರುವಾದದ್ದು 1938ರ ಅಕ್ಟೋಬರ್ 22ರಂದು, ನ್ಯೂಯಾರ್ಕಿನ ಆಸ್ಟೋರಿಯಾದ ಒಂದು ಬಾಡಿಗೆ ಕೋಣೆಯಲ್ಲಿ. ಚೆಸ್ಟರ್ ಕಾರ್ಲ್‌ಸನ್ ಮತ್ತು ಸಹಾಯಕ ಓಟ್ಟೊ ಕೋರ್ನೈ ಗಂಧಕ ಬಳಿದ ಸತುವಿನ ತಗಡನ್ನು ಬಟ್ಟೆಯಿಂದ ಉಜ್ಜಿ, ಪುಡಿ ಉದುರಿಸಿ, ಆ ತಾರೀಖನ್ನೂ ಊರ ಹೆಸರನ್ನೂ ಮೇಣದ ಕಾಗದದ ಮೇಲೆ ಮೂಡಿಸಿದರು. ಕಾರ್ಲ್‌ಸನ್ ಕಂಪನಿಯೊಂದರ ಪೇಟೆಂಟ್ ವಿಭಾಗದಲ್ಲಿ ನಕಲು ತೆಗೆದೂ ತೆಗೆದೂ ಸೋತಿದ್ದವರು. ನಮ್ಮ ಲಾರಿ ಮಾಲೀಕರಿಗೆ ಅವರ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಡ್ರಮ್ಮಿನಿಂದ ಹಾಳೆಗೆ ಪುಡಿಯನ್ನು ಎಳೆಯುವುದೂ ಇದೇ ಬಲ. ಹಾಳೆಯ ಬೆನ್ನಿಗೆ ವಿರುದ್ಧ ಚಾರ್ಜ್ ಕೊಡುತ್ತಾರೆ. ಮಳೆಗಾಲದಲ್ಲಿ ತೇವ ಹೀರಿದ ಹಾಳೆಯಲ್ಲಿ ಆ ಚಾರ್ಜ್ ಸೋರಿಹೋಗುತ್ತದೆ, ಕ್ಷೇತ್ರ ಕುಗ್ಗುತ್ತದೆ, ಬಲವೂ ಇಳಿಯುತ್ತದೆ. ಜುಲೈನಲ್ಲಿ ಕಾಪಿ ಮಸುಕಾಗಿ ಬಂದರೆ ಟೋನರನ್ನು ಬಯ್ಯುವ ಮೊದಲು, ಹೊಸ ಬಂಡಲ್ ಒಡೆದು ಇನ್ನೊಂದು ಹಾಳೆ ಹಾಕಲು ಹೇಳಿ ನೋಡಿ.