ನೇತ್ರಾಣಿಯ ನೀರಿನೊಳಗೆ

ಚೆನ್ನೈಯಲ್ಲಿ ಬಿಡಾರ ಹೂಡಿರುವ ಕನ್ನಡಿಗರಿಗೆ ಕಡಲು ಹೊಸದೇನಲ್ಲ. ಸಂಜೆಯಾದರೆ ಮರೀನಾ, ಭಾನುವಾರವಾದರೆ ಬೆಸೆಂಟ್ ನಗರದ ತೀರ. ಸುಂಡಲು ತಿಂದು, ಮಕ್ಕಳ ಕಾಲಿನ ಮರಳು ಕೊಡವಿ ಮನೆಗೆ ಬರುತ್ತೇವೆ. ಹೀಗೆ ವರ್ಷಗಟ್ಟಲೆ ಕಡಲಿನ ಮೈಯನ್ನು ನೋಡುತ್ತೇವೆಯೇ ಹೊರತು ಅದರ ಒಳಗನ್ನು ಯಾರೂ ಕಂಡವರಲ್ಲ. ಇಲ್ಲಿನ ಕಡಲಿಗೂ ಒಳಗನ್ನು ತೋರಿಸುವ ಸ್ವಭಾವವಿಲ್ಲ. ತಳವೆಲ್ಲ ಮರಳು, ಕೂವಂ, ಅಡ್ಯಾರು ನದಿಗಳು ತಂದು ಸುರಿಯುವ ಕೊಳೆ ಬೇರೆ. ಕೋವಳಂ ಕಡೆಯೂ ಪುದುಚೇರಿಯ ಕಡೆಯೂ ಮುಳುಗುವವರಿದ್ದಾರೆ, ನಿಜ. ಆದರೆ ನಮ್ಮ ಮನಸ್ಸು ಹೋದದ್ದು ನಮ್ಮ ನಾಡಿನದೇ ಆದ ನೇತ್ರಾಣಿಯ ಕಡೆಗೆ.

ಅದಕ್ಕೆ ಕಾರಣ ಒಂದು ಚಿತ್ರ. ಪುನೀತ್ ರಾಜ್‌ಕುಮಾರ್ ಅವರು ತೀರಿಕೊಂಡ ಒಂದು ವರ್ಷದ ಮೇಲೆ, 2022ರ ಅಕ್ಟೋಬರಿನಲ್ಲಿ, 'ಗಂಧದ ಗುಡಿ' ಬಿಡುಗಡೆಯಾಯಿತಷ್ಟೆ. ಅದರಲ್ಲಿ ಅವರು ನೇತ್ರಾಣಿಯ ನೀರಿಗೆ ಇಳಿಯುವುದನ್ನು ನೋಡಿದ ನಮ್ಮ ಮಗಳು, "ಅಪ್ಪಾ, ಅಲ್ಲಿಗೆ ನಾವೂ ಹೋಗಬಹುದಾ?" ಎಂದಳು. ಅವಳಿಗೆ ಹತ್ತು ವರ್ಷ ತುಂಬಲೆಂದು ಕಾದೆವು. ಹತ್ತಕ್ಕೆ ಕೆಳಗಿನವರನ್ನು ನೀರಿಗೆ ಇಳಿಸುವುದಿಲ್ಲ. ಕಳೆದ ಪೊಂಗಲ್ ರಜೆಯಲ್ಲಿ ಮೂರು ಮನೆಯವರು ಸೇರಿ ಹನ್ನೊಂದು ಮಂದಿ ಹೊರಟೆವು. ರಜೆ ಅರ್ಜಿಯಲ್ಲಿ 'ಊರಿಗೆ ಹೋಗುವ ಸಲುವಾಗಿ' ಎಂದು ಬರೆದೆವು. 'ಸಮುದ್ರದಲ್ಲಿ ಮುಳುಗುವ ಸಲುವಾಗಿ' ಎಂದು ಬರೆದಿದ್ದರೆ ಕಛೇರಿಯಲ್ಲಿ ಅದನ್ನು ಯಾವ ಫೈಲಿಗೆ ಸೇರಿಸುತ್ತಿದ್ದರೋ!

ಹೊರಡುವುದಕ್ಕೆ ಅಡ್ಡಿಯಿದ್ದದ್ದು ನಮ್ಮ ಮನೆಯವರದು. ಅವರು ಹುಟ್ಟಿ ಬೆಳೆದದ್ದು ಸಾಂಥೋಮಿನಲ್ಲಿ, ಕಡಲಿನ ಸದ್ದು ಕೇಳಿಸುವ ಬೀದಿಯಲ್ಲಿ. 2004ರ ಡಿಸೆಂಬರ್ 26ರ ಭಾನುವಾರ ಬೆಳಿಗ್ಗೆ ಸುನಾಮಿ ಬಂದಾಗ ಅವರಿಗೆ ಹದಿಮೂರು ವರ್ಷ. ಪಕ್ಕದ ಶ್ರೀನಿವಾಸಪುರಂನ ಬೆಸ್ತರ ಮನೆಗಳು ಕೊಚ್ಚಿಹೋದವು. ಮರೀನಾದಲ್ಲಿ ವಾಯುಸೇವನೆಗೆ ಹೋದವರು, ಆಡಲು ಹೋದ ಹುಡುಗರು ಮರಳಲಿಲ್ಲ. ಅಂದಿನಿಂದ ನಮ್ಮ ಮನೆಯವರು ಕಡಲಿನಲ್ಲಿ ಕಾಲು ನೆನೆಸಿದವರಲ್ಲ. ನಾವೆಲ್ಲ ನೀರಿನಂಚಿಗೆ ಹೋದರೆ ಅವರು ಚಪ್ಪಲಿಗಳನ್ನು ಕಾಯುತ್ತ ಮರಳಿನ ಮೇಲೆ ಕೂರುವರು. "ಮಗುವನ್ನು ಒಬ್ಬಳನ್ನೇ ಕಳಿಸೋದಿಲ್ಲ. ಹೋದರೆ ನಾನೂ ಇಳಿಯೋದೇ" ಎಂದು ಅವರು ಹೇಳಿದಾಗ ಮನೆಯಲ್ಲಿ ಯಾರೂ ಎರಡನೆಯ ಮಾತಾಡಲಿಲ್ಲ.

ಸೆಂಟ್ರಲಿನಿಂದ ಮಂಗಳೂರು ಮೈಲು, ಅಲ್ಲಿಂದ ಕೊಂಕಣ ರೈಲಿನಲ್ಲಿ ಮುರುಡೇಶ್ವರ. ಬಯಲಲ್ಲಿ ಕುಳಿತ 123 ಅಡಿಯ ಶಿವನನ್ನೂ ಇಪ್ಪತ್ತು ಅಂತಸ್ತಿನ ಗೋಪುರವನ್ನೂ ನೋಡದ ವಾಚಕರು ಕಡಮೆಯಾದ್ದರಿಂದ ಅದರ ವರ್ಣನೆ ಬೇಡ.

ಮರುದಿನ ಬೆಳಿಗ್ಗೆ ಪಾಠ. ಕಲಿಸಿದವರು ಭಟ್ಕಳದ ಕಡೆಯ ಯುವಕರು. ಬೆನ್ನಿಗೆ ಕಟ್ಟುವ ಸಿಲಿಂಡರಿನಲ್ಲಿ ಆಮ್ಲಜನಕವಿರುತ್ತದೆಂದು ನಮ್ಮಲ್ಲಿ ಹಲವರು ತಿಳಿದಿದ್ದೆವು; ಇರುವುದು ನಾವು ಸೇದುವ ಗಾಳಿಯೇ, ಒತ್ತಿ ತುಂಬಿದ್ದು. ಹಿಂದೆ ಮುಳುಗುವವನಿಗೆ ದೋಣಿಯ ಮೇಲಿನ ಪಂಪಿನಿಂದ ಕೊಳವೆಯ ಮೂಲಕ ಗಾಳಿ ಕಳಿಸುತ್ತಿದ್ದರು. ನಮ್ಮ ತೂತ್ತುಕುಡಿಯ ಮುತ್ತಿನ ಮುಳುಗುಗಾರರಿಗೆ ಅದೂ ಇರಲಿಲ್ಲ; ಕಾಲಿಗೆ ಕಲ್ಲು, ಎದೆಯಲ್ಲಿ ಒಂದು ಉಸಿರು, ಅಷ್ಟೆ. 1943ರಲ್ಲಿ ಫ್ರಾನ್ಸಿನ ಕುಸ್ಟೋ ಮತ್ತು ಗಾನ್ಯಾಂ ಎಂಬಿಬ್ಬರು, ಉಸಿರೆಳೆದಾಗ ಮಾತ್ರ, ಆ ಆಳಕ್ಕೆ ತಕ್ಕ ಒತ್ತಡದಲ್ಲಿ ಗಾಳಿ ಕೊಡುವ ಬಿರಡೆಯನ್ನು ಸಿದ್ಧಪಡಿಸಿದ ಮೇಲೆ ಮನುಷ್ಯ ನೀರಿನೊಳಗೆ ಸ್ವತಂತ್ರನಾದ.

ಇಷ್ಟಕ್ಕೂ ಕಲಿಯಬೇಕಾದದ್ದು ಒಂದೇ: ಉಸಿರು ಕಟ್ಟಬಾರದು. ಹತ್ತು ಮೀಟರು ನೀರಿನ ಭಾರ ನಮ್ಮ ತಲೆಯ ಮೇಲಿನ ಇಡೀ ವಾಯುಮಂಡಲದ ಭಾರಕ್ಕೆ ಸಮ. ಆ ಆಳದಲ್ಲಿ ಎದೆಯಲ್ಲಿ ತುಂಬಿದ ಗಾಳಿ ಮೇಲೆ ಬರುವಾಗ ಎರಡು ಪಟ್ಟು ಹಿಗ್ಗುತ್ತದೆ. ಉಸಿರನ್ನು ಬಿಗಿಹಿಡಿದು ಮೇಲೇರಿದವನ ಶ್ವಾಸಕೋಶ ಹರಿಯುವ ಅಪಾಯವುಂಟು. ಕೆಳಗಿಳಿಯುವಾಗ ಕಿವಿಯ ಮೇಲೆ ಒತ್ತಡ. ಮೂಗು ಹಿಡಿದು ಮೆಲ್ಲನೆ ಊದಿದರೆ ಸರಿಹೋಗುತ್ತದೆ. ಮಾತಿಲ್ಲದ ಲೋಕವಾದ್ದರಿಂದ ಕೈಸನ್ನೆ. ಹೆಬ್ಬೆರಳು ಮೇಲೆತ್ತಿದರೆ 'ಚೆನ್ನಾಗಿದೆ' ಎಂದಲ್ಲ, 'ಮೇಲೆ ಕರೆದೊಯ್ಯಿರಿ' ಎಂದರ್ಥ. ನಿವೃತ್ತರಾದ ನಮ್ಮ ದೊಡ್ಡಪ್ಪನವರು ಸಂತೋಷ ಹೆಚ್ಚಾದಾಗಲೆಲ್ಲ ಹೆಬ್ಬೆರಳೆತ್ತಿ, ಪ್ರತಿ ಸಲವೂ ಹುಡುಗರು ಅವರನ್ನು ನೀರಿನಿಂದೆತ್ತಿ, ಕಡೆಗೆ ಅವರ ಬೆರಳನ್ನು ದೊಡ್ಡಮ್ಮನವರು ಹಿಡಿದು ಕುಳಿತರು.

ದೋಣಿಯಲ್ಲಿ ಸುಮಾರು 19 ಕಿಲೋಮೀಟರು. ನೇತ್ರಾಣಿ ನೀರಿನಿಂದ ಕಡಿದಾಗಿ ಎದ್ದು ನಿಂತ ಕಾಡು ತುಂಬಿದ ದ್ವೀಪ. ಇಂಗ್ಲಿಷರು ಇದನ್ನು ಪಾರಿವಾಳದ ದ್ವೀಪವೆಂದು ಕರೆದರು. ಬಿಳಿ ಹೊಟ್ಟೆಯ ಕಡಲ ಹದ್ದುಗಳು ಇಲ್ಲಿ ಗೂಡು ಕಟ್ಟುತ್ತವೆ. ಎರಡು ಹದ್ದುಗಳು ನಮ್ಮ ತಲೆಯ ಮೇಲೆ ಸುತ್ತು ಹಾಕಿದವು. ಇದೇ ದ್ವೀಪವನ್ನು ನಮ್ಮ ನೌಕಾಪಡೆ ಬಹುಕಾಲ ಗುಂಡಿನ ಗುರಿಯ ಅಭ್ಯಾಸಕ್ಕೆ ಬಳಸಿದ್ದುಂಟು. ಸಿಡಿಯದೆ ಉಳಿದ ಗುಂಡುಗಳು ಇಲ್ಲಿ ಸಿಕ್ಕಿವೆ. ಪರಿಸರದ ಮೇಲೆ ಕಾಳಜಿಯುಳ್ಳವರು ಬಲವಾಗಿ ಆಕ್ಷೇಪಿಸಿದ್ದಾರೆ. ದೇಶಕ್ಕೆ ರಕ್ಷಣೆ ಬೇಕು, ಸರಿ. ಆದರೆ ಗುರಿಯಿಡುವುದಕ್ಕೆ ಹದ್ದಿನ ಗೂಡೇ ಆಗಬೇಕೆ ಎಂದು ನಮ್ಮಂಥ ಗುಮಾಸ್ತರಿಗೂ ಕೇಳಬೇಕೆನಿಸುತ್ತದೆ.

ನಮ್ಮ ಮನೆಯವರ ಸರದಿ ಬಂತು. ದೋಣಿಯ ಅಂಚಿನಲ್ಲಿ ಕುಳಿತವರ ಮುಖ ಬಿಳುಪೇರಿತ್ತು. ಹುಡುಗ ಅವಸರ ಮಾಡಲಿಲ್ಲ. "ಅಕ್ಕಾ, ಉಸ್ರು ಎಳೀರಿ, ಬಿಡಿ. ಎಳೀರಿ, ಬಿಡಿ. ಬೇರೆ ಎಂತ ಕೆಲ್ಸವೂ ಇಲ್ಲ ನಿಮ್ಗೆ" ಎಂದ. ನಮ್ಮ ಮಗಳು ಆ ಮಾತನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ಚೆನ್ನೈಯಲ್ಲಿ ಹುಟ್ಟಿದ ಅವಳಿಗೆ ಕನ್ನಡವೆಂದರೆ ಊಟಕ್ಕೆ ಕರೆಯುವ, ಗದರುವ, ಅಜ್ಜಿ ಫೋನಿನಲ್ಲಿ ಆಡುವ ಮಾತು. ಪ್ರಾಣದ ಪ್ರಶ್ನೆಯೊಂದನ್ನು ಹೊರಗಿನವರೊಬ್ಬರು ಕನ್ನಡದಲ್ಲಿ ಹೇಳಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಒಂದು ಗಳಿಗೆಯ ಮೇಲೆ ತಾಯಿಗೆ ಅವಳೇ ಹೇಳತೊಡಗಿದಳು: "ಎಳೀರಿ, ಬಿಡಿ."

ಇಳಿದೆವು. ಮೂರು ಮೀಟರಿಗೆ ನಮ್ಮ ಮನೆಯವರು ಕಿವಿ ತೋರಿಸಿ ನಿಂತರು. ಹುಡುಗ ಅಲ್ಲೇ ನಿಲ್ಲಿಸಿ, ಸ್ವಲ್ಪ ಮೇಲೆ ತಂದು, ಮೂಗು ಹಿಡಿಸಿ ಮತ್ತೆ ಇಳಿಸಿದ. ಅವರ ಬಾಯಿಂದ ಹೊರಡುತ್ತಿದ್ದ ಗುಳ್ಳೆಗಳು ಮೊದಲು ಮಿಣಮಿಣನೆ ಒಂದರ ಮೇಲೊಂದು ಏರುತ್ತಿದ್ದವು, ಬರಬರುತ್ತ ನಿಧಾನವಾದವು. ಗಾಳಿಯ ಗುಳ್ಳೆ ನೋಡಿ ಮನಸ್ಸು ಓದಬಹುದೆಂದು ನಮಗೆ ಅಂದು ತಿಳಿಯಿತು. ಏಳೆಂಟು ಮೀಟರಿನಲ್ಲಿ ಬಂಡೆಗಳು, ಬಂಡೆಗಳ ಮೇಲೆ ಹವಳ. ಕೆಂಪು ಬಣ್ಣವನ್ನು ನೀರು ಮೊದಲೇ ನುಂಗಿಬಿಡುವುದರಿಂದ ಎಲ್ಲಕ್ಕೂ ನೀಲಿ ಹಸಿರಿನ ಛಾಯೆ. ಹುಡುಗ ದೀಪ ಹಿಡಿದಲ್ಲೆಲ್ಲ ಬಣ್ಣ ಭಗ್ಗನೆ ಎದ್ದಿತು. ಚಿಟ್ಟೆಮೀನುಗಳು ಜೋಡಿಜೋಡಿಯಾಗಿ ಸುಳಿದವು. ಇದ್ದಕ್ಕಿದ್ದಂತೆ ಯಾರೋ ಕಲ್ಲುಸಕ್ಕರೆ ಕಡಿದಂತೆ ಕಟಕಟ ಸದ್ದು. ನೋಡಿದರೆ ಗಿಳಿಮೀನು, ಕೊಕ್ಕಿನಂಥ ಹಲ್ಲಿನಿಂದ ಹವಳದ ಮೇಲಿನ ಪಾಚಿಯನ್ನು ಕಲ್ಲುಸಮೇತ ಕೆರೆದು ತಿನ್ನುತ್ತಿತ್ತು. ತಿಂದ ಕಲ್ಲು ಅದರ ಹೊಟ್ಟೆಯಲ್ಲಿ ನುಣ್ಣಗಾಗಿ ಬಿಳಿ ಮರಳಾಗಿ ಹೊರಬೀಳುತ್ತದೆ. ಹವಳದ ದ್ವೀಪಗಳ ಬಿಳಿ ಮರಳಿನಲ್ಲಿ ಈ ಮೀನಿನ ಪಾಲು ಬಹಳವಂತೆ. ಆ ಸದ್ದನ್ನು ಕೇಳಲೆಂದು ಮುಂದಕ್ಕೆ ಬಾಗಿದ ನಮ್ಮ ಮನೆಯವರು ಅಷ್ಟು ಹೊತ್ತು ಬಿಗಿಯಾಗಿ ಹಿಡಿದಿದ್ದ ನಮ್ಮ ಕೈಯನ್ನು ಬಿಟ್ಟಿದ್ದರು.

ಹವಳವೆಂದರೆ ಕಲ್ಲಲ್ಲ, ಗಿಡವೂ ಅಲ್ಲ. ಸಾಸಿವೆಯಷ್ಟು ಕಡಲೆಯಷ್ಟು ಇರುವ ಮೆತ್ತನೆಯ ಪ್ರಾಣಿಗಳು ಸಾವಿರಗಟ್ಟಲೆ ಸೇರಿ ಸುಣ್ಣದ ಮನೆ ಕಟ್ಟಿಕೊಂಡಿರುತ್ತವೆ. ಅವುಗಳ ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಬಿಸಿಲಿನಿಂದ ಅಡಿಗೆ ಮಾಡಿ ಮನೆಯೊಡೆಯನಿಗೆ ಬಡಿಸುವುದೂ, ಬಣ್ಣ ಕೊಡುವುದೂ ಅದೇ. ನೀರು ಕೆಲವು ವಾರ ವಾಡಿಕೆಗಿಂತ ಬೆಚ್ಚಗಾದರೆ ಹವಳ ಆ ಪಾಚಿಯನ್ನು ಹೊರದಬ್ಬಿ ಬೆಳ್ಳಗಾಗುತ್ತದೆ. ಬೇಗನೆ ತಣಿದರೆ ಬದುಕೀತು, ಇಲ್ಲವಾದರೆ ಹಸಿವಿನಿಂದ ಸಾಯುತ್ತದೆ. 2024ರಲ್ಲಿ ಪ್ರಪಂಚದ ಕಡಲುಗಳಲ್ಲೆಲ್ಲ, ನಮ್ಮ ಲಕ್ಷದ್ವೀಪದಲ್ಲಿ ಕೂಡ, ಹೀಗಾಯಿತು. ನವರತ್ನದ ಉಂಗುರದ ಕೆಂಪು ಹವಳ ಬೇರೆ ಜಾತಿ. ಹೆಸರಾದದ್ದು ಮೆಡಿಟರೇನಿಯನ್ ಕಡಲಿನದು.

ಇದನ್ನು ದೋಣಿಯಲ್ಲಿ ವಿವರಿಸಿದ್ದು ದೇವರ ಮನೆಗೆ ಒಂದು ಚೂರು ತಂದುಕೊಡಿರೆಂದು ದೊಡ್ಡಮ್ಮನವರು ಕೇಳಿದ್ದರಿಂದ. 2001ರಿಂದ ದಿಬ್ಬ ಕಟ್ಟುವ ಹವಳಕ್ಕೆ ವನ್ಯಜೀವಿ ಕಾಯಿದೆಯಲ್ಲಿ ಹುಲಿಗಿರುವಷ್ಟೇ ರಕ್ಷಣೆಯಿದೆ. "ಹುಲಿ ಉಗುರು ತಂದ ಹಾಗೆ ಆಗ್ತದೆ ಅಮ್ಮಾ" ಎಂದ ಹುಡುಗ. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಸುಣ್ಣಕ್ಕಾಗಿ ದಶಕಗಳ ಕಾಲ ಹವಳವನ್ನು ಅಗೆದು ಸಾಗಿಸಿದರು. 1986ರಲ್ಲಿ ಅಲ್ಲಿನ 21 ದ್ವೀಪಗಳನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿದ ಮೇಲೂ ಅದು ಪೂರ್ತಿ ನಿಲ್ಲಲಿಲ್ಲ. ಎರಡು ದ್ವೀಪಗಳು ನೀರಿನಡಿಗೆ ಹೋದವು. ಅಗೆತ ನಿಂತದ್ದು 2005ರ ಹೊತ್ತಿಗೆ, ಸುನಾಮಿಯ ಮೇಲೆ. ಅಲೆಯ ರಭಸವನ್ನು ಹವಳದ ಸಾಲು ಮುರಿಯುತ್ತದೆಂಬುದು ದಡದವರ ಮನಸ್ಸಿಗೆ ಆಗ ನಾಟಿತು. ಇದನ್ನು ಕೇಳಿ ನಮ್ಮ ಮನೆಯವರು ಬಹಳ ಹೊತ್ತು ಮಾತಾಡಲಿಲ್ಲ. "ನಮ್ಮ ಸಾಂಥೋಮಿನ ಎದುರಿಗೆ ಇದು ಇರಲಿಲ್ಲ" ಎಂದಷ್ಟೇ ಅಂದರು.

ಹೋಗಬಯಸುವವರಿಗೆ ಎರಡು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದಲ್ಲಿ ದೋಣಿ ಹೊರಡುವುದಿಲ್ಲ. ಈಜು ಬರಲೇಬೇಕೆಂದಿಲ್ಲ, ಆಸ್ತಮಾ, ಹೃದಯದ ತೊಂದರೆಯುಳ್ಳವರು ವೈದ್ಯರ ಒಪ್ಪಿಗೆಯಿಲ್ಲದೆ ಇಳಿಯಬಾರದು, ನೆಗಡಿಯಾದವರಿಗೆ ಕಿವಿ ಬಿಡಿಸಿಕೊಳ್ಳುವುದು ಆಗದು. ಮುಳುಗಿದ ಮೇಲೆ ಹದಿನೆಂಟು ಗಂಟೆ ವಿಮಾನ ಹತ್ತಬಾರದೆಂಬ ನಿಯಮವಿದೆ; ಗುಮಾಸ್ತರಿಗೆ ಅದರಿಂದೇನೂ ತೊಂದರೆಯಿಲ್ಲ. ಮುಂದಿನ ಪೊಂಗಲಿಗೆ ಮತ್ತೊಂದು ತಂಡ ಸೇರುತ್ತಿದೆ. ಪಟ್ಟಿಯಲ್ಲಿ ಮೊದಲು ಹೆಸರು ಬರೆಸಿದವರು ನಮ್ಮ ಮನೆಯವರು. ಚಪ್ಪಲಿ ಕಾಯುವ ಕೆಲಸಕ್ಕೆ ದೊಡ್ಡಪ್ಪನವರು ಒಪ್ಪಿದ್ದಾರೆ.