ಸಕ್ಕರೆ ಹಾಕದ ಸಿಹಿ – ಸಮನು

ಮಕ್ಕಳೇ, ಪಾಯಸಕ್ಕೆ ಸಕ್ಕರೆಯನ್ನಾಗಲಿ ಬೆಲ್ಲವನ್ನಾಗಲಿ ಹಾಕದಿದ್ದರೆ ಅದು ಸಿಹಿಯಾಗುತ್ತದೆಯೇ? ಇಲ್ಲ ಎನ್ನುತ್ತೀರಿ. ಆದರೆ ಇರಾನ್ ದೇಶದಲ್ಲಿ ಸಕ್ಕರೆ, ಬೆಲ್ಲ, ಜೇನು ಯಾವುದನ್ನೂ ಹಾಕದೆ ಮಾಡುವ ಒಂದು ಸಿಹಿ ತಿನಿಸಿದೆ. ಅದಕ್ಕೆ ಮುಖ್ಯವಾಗಿ ಬೇಕಾಗುವುದು ಗೋಧಿ ಮತ್ತು ನೀರು. ಅದರ ಹೆಸರು ಸಮನು. ಹಾಗಾದರೆ ಸಿಹಿ ಎಲ್ಲಿಂದ ಬರುತ್ತದೆ? ಬನ್ನಿ, ತಿಳಿಯೋಣ.

ಇರಾನಿನ ಹಳೆಯ ಹೆಸರು ಪರ್ಷಿಯ. ಅಲ್ಲಿನ ಹೊಸ ವರ್ಷದ ಹಬ್ಬ ನವ್‌ರೋಜ್. ಹಗಲು ಮತ್ತು ರಾತ್ರಿ ಹೆಚ್ಚುಕಡಿಮೆ ಸಮವಾಗಿರುವ ಮಾರ್ಚ್ 20 ಅಥವಾ 21ರ ಸುಮಾರಿಗೆ ಈ ಹಬ್ಬ ಬರುತ್ತದೆ. ಆಗ ಪರ್ಷಿಯನ್ ಲಿಪಿಯ 'ಸೀನ್' ಅಕ್ಷರದಿಂದ ಹೆಸರು ಆರಂಭವಾಗುವ ಏಳು ವಸ್ತುಗಳನ್ನು ಮನೆಯಲ್ಲಿ ಜೋಡಿಸಿಡುತ್ತಾರೆ. ಸಮನು ಅವುಗಳಲ್ಲಿ ಒಂದು.

ಮಾಡುವ ಬಗೆ ಹೀಗೆ: ಗೋಧಿಯನ್ನು ನೆನೆಸಿ ಮೊಳಕೆ ಬರಿಸುತ್ತಾರೆ. ಬಿಳಿ ಬೇರು ಮೂಡಿದ ಕೂಡಲೇ, ಚಿಗುರು ಹಸಿರಾಗುವ ಮೊದಲೇ, ಅರೆದು ರಸ ಹಿಂಡುತ್ತಾರೆ. ರಸಕ್ಕೆ ಗೋಧಿ ಹಿಟ್ಟು ಬೆರೆಸಿ, ದೊಡ್ಡ ಪಾತ್ರೆಯಲ್ಲಿ ಗಂಟೆಗಟ್ಟಲೆ ತಿರುವುತ್ತಾ ಬೇಯಿಸುತ್ತಾರೆ. ನೆಂಟರು, ನೆರೆಯವರು ಸೇರಿ ರಾತ್ರಿಯಿಡೀ ಸರದಿಯ ಮೇಲೆ ತಿರುವುವುದೂ ಉಂಟು. ಕೊನೆಗೆ ಅದು ಗಟ್ಟಿಯಾಗಿ, ಕಂದು ಬಣ್ಣ ತಾಳಿ, ಸಿಹಿಯಾಗುತ್ತದೆ.

ಇದರ ಗುಟ್ಟು ಗೋಧಿ ಕಾಳಿನೊಳಗೇ ಇದೆ. ಕಾಳಿನಲ್ಲಿ ಪುಟ್ಟ ಸಸಿಗಾಗಿ ಆಹಾರ ಕೂಡಿಟ್ಟಿರುತ್ತದೆ. ಅದೇ ಪಿಷ್ಟ. ಪಿಷ್ಟವೆಂದರೆ ಸಾವಿರಾರು ಗ್ಲೂಕೋಸ್ ಅಣುಗಳನ್ನು ಪೋಣಿಸಿದ ಉದ್ದನೆಯ ಸರ. ಅದಕ್ಕೆ ಸಿಹಿ ರುಚಿ ಇಲ್ಲ. ಸಸಿ ಅದನ್ನು ಹಾಗೆಯೇ ಬಳಸಲಾರದು. ಆದ್ದರಿಂದ ಕಾಳು ಮೊಳೆಯುವಾಗ ಅದರಲ್ಲಿ ಅಮೈಲೇಸ್ ಎಂಬ ಕಿಣ್ವಗಳು ಉಂಟಾಗುತ್ತವೆ. ಅವು ಕತ್ತರಿಯಂತೆ ಈ ಸರವನ್ನು ತುಂಡರಿಸುತ್ತವೆ. ಆಗ ಸಿಗುವುದೇ ಮಾಲ್ಟೋಸ್ ಎಂಬ ಸಿಹಿ ಸಕ್ಕರೆ!

ಬಿಸಿ ಮಾಡಿದಾಗ ಮೊಳಕೆಯ ರಸದಲ್ಲಿರುವ ಅಮೈಲೇಸ್ ಹಿಟ್ಟಿನ ಪಿಷ್ಟವನ್ನೂ ಸಕ್ಕರೆಯಾಗಿಸುತ್ತದೆ. ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದು ಬಹಳ ಚುರುಕು. ಕುದಿಯುವಷ್ಟು ಬಿಸಿಯಾದರೆ ಅದು ಕೆಟ್ಟುಹೋಗುತ್ತದೆ. ಆದ್ದರಿಂದ ನಿಧಾನವಾಗಿ ಬಿಸಿಯೇರಿಸಿದರೆ ಸಿಹಿ ಹೆಚ್ಚು.

1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೊ ಎಂಬ ವಿಜ್ಞಾನಿಗಳು ಮೊಳಕೆ ಬಂದ ಬಾರ್ಲಿಯಿಂದ ಈ ವಸ್ತುವನ್ನು ಬೇರ್ಪಡಿಸಿದರು. ಹೀಗೆ ಮೊದಲು ಬೇರ್ಪಡಿಸಿದ ಕಿಣ್ವ ಇದೇ ಎನ್ನುತ್ತಾರೆ.

ನೀವೂ ಮಾಡಿ ನೋಡಿ: ಬರಿಯ ಚಪಾತಿಯ ಒಂದು ಚೂರನ್ನು ನುಂಗದೆ ಎರಡು ನಿಮಿಷ ಅಗಿಯಿರಿ. ನಿಧಾನವಾಗಿ ಸಿಹಿ ಎನಿಸುತ್ತದೆ. ಏಕೆಂದರೆ ನಮ್ಮ ಜೊಲ್ಲಿನಲ್ಲಿಯೂ ಅಮೈಲೇಸ್ ಇದೆ!

ನಮ್ಮ ಮನೆಗಳಲ್ಲಿ ಎಳೆಯ ಮಕ್ಕಳಿಗೆ ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬೀಸಿ ಸರಿ ಮಾಡಿ ತಿನ್ನಿಸುತ್ತಾರಲ್ಲವೇ? ಅಲ್ಲಿಯೂ ಇದೇ ಕಿಣ್ವದ ಕೆಲಸ. ಪಿಷ್ಟ ತುಂಡಾಗುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಸರಿ ತೆಳ್ಳಗೇ ಇರುತ್ತದೆ. ಮಗು ಸುಲಭವಾಗಿ ನುಂಗುತ್ತದೆ, ಅದರ ಪುಟ್ಟ ಹೊಟ್ಟೆಗೆ ಹೆಚ್ಚು ಆಹಾರ ಸಿಗುತ್ತದೆ. ಇರಾನಿನ ಹಬ್ಬದ ಸಿಹಿಗೂ ನಮ್ಮ ರಾಗಿ ಸರಿಗೂ ಗುಟ್ಟು ಒಂದೇ – ಮೊಳಕೆ!